ಊರಿನ ಮನೆಯ ಹಳೆಯ ಗುಂಡಿ

ಏಪ್ರಿಲ್ ತಿಂಗಳು ಮುಗಿಯುತ್ತ ಬಂದಂತೆ ನಮ್ಮವರಲ್ಲಿ ಊರಿಗೆ ಹೋಗುವ ಗಡಿಬಿಡಿ ಹುಟ್ಟುತ್ತದೆ. ಮಕ್ಕಳಿಗೆ ರಜೆ, ಊರಲ್ಲಿ ಮದುವೆ, ಕೋಲ, ಆಟ. ಪತ್ತನಾಜೆ ಕಳೆದರೆ ಮಳೆ ಬಂತೆಂದೇ ಲೆಕ್ಕ. ಆದುದರಿಂದ ಮನೆಯ ರಿಪೇರಿಗಳೆಲ್ಲ ಈ ಒಂದೆರಡು ತಿಂಗಳಲ್ಲೇ ಮುಗಿಯಬೇಕು. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು ಹೆಂಚು ತಿರುವಿಸುತ್ತಾರೆ, ಗೋಡೆಗೆ ಬಣ್ಣ ಹೊಡೆಸುತ್ತಾರೆ. ವಿಜಾಪುರ, ಕಲಬುರ್ಗಿ ಕಡೆಯ ಬಾಂಧವರೂ ಮುಂಗಾರಿಗೆ ಮೊದಲು ಊರು ಮುಟ್ಟಿ ಮಾಳಿಗೆ ಸರಿಪಡಿಸುತ್ತಾರೆ. ವರ್ಷವಿಡೀ ಹೋಟೆಲಿನ ಹೊಗೆಯಲ್ಲಿ ಬೆಂದು ಕೂಡಿಸಿದ ಹಣ ಈ ದಿನಗಳಲ್ಲೇ ಖರ್ಚಾಗುತ್ತದೆ.

ಈ ಕೆಲಸಗಳ ಪಟ್ಟಿಯಲ್ಲಿ ಒಂದು ಮಾತ್ರ ಯಾವಾಗಲೂ ಹಿಂದೆ ಬೀಳುತ್ತದೆ. ಅದೇ ಮನೆಯ ಹಿಂದಿನ ಕಕ್ಕಸಿನ ಗುಂಡಿ. ಇಂಥ ವಿಷಯವನ್ನು ಸಂಪಾದಕೀಯದಲ್ಲಿ ಬರೆಯುವುದು ಅಸಹ್ಯವೆಂದು ಕೆಲವರಿಗೆ ತೋರೀತು. ಹೋಟೆಲಿನ ಮೋರಿ ತೊಳೆದ ಕೈಗಳಿಗೂ, ಗಿರಣಿ ಚಾಳಿನಲ್ಲಿ ಡಬ್ಬಿ ಹಿಡಿದು ಸಂಡಾಸಿನ ಮುಂದೆ ಸಾಲು ನಿಂತ ಕಾಲುಗಳಿಗೂ ಇದರಲ್ಲಿ ಅಸಹ್ಯವೇನೂ ಇಲ್ಲ. ಮನೆಯವರು ಕುಡಿಯುವ ನೀರಿಗೂ ಕೆಲಸಗಾರನೊಬ್ಬನ ಜೀವಕ್ಕೂ ಸಂಬಂಧಪಟ್ಟ ವಿಷಯ ಯಾವ ಪತ್ರಿಕೆಗೂ ಸಣ್ಣದಲ್ಲ. ಕಾರ್ಮಿಕರ ಪತ್ರಿಕೆಗಂತೂ ಅಲ್ಲವೇ ಅಲ್ಲ.

ನಮ್ಮಲ್ಲಿ ಅನೇಕರ ಊರಿನ ಮನೆಗಳಲ್ಲಿ ಇರುವುದು ಸೆಪ್ಟಿಕ್ ಟ್ಯಾಂಕ್ ಅಲ್ಲ, ಗುಂಡಿ. ಹೆಸರಿಗೆ ಎಲ್ಲರೂ ಟ್ಯಾಂಕೆಂದೇ ಹೇಳುತ್ತಾರೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ಬಾವಿಯಂತೆ ಆಳವಾಗಿ ತೋಡಿ, ಸುತ್ತ ಗಾರೆ ಇಲ್ಲದೆ ಮುರಕಲ್ಲು ಕಟ್ಟಿ, ತಳವನ್ನು ಮಣ್ಣಿಗೆ ಬಿಟ್ಟು, ಮೇಲೆ ಚಪ್ಪಡಿ ಎಳೆದ ಗುಂಡಿಗಳಿವು. ಕೆಲವು ಕಡೆ ಮುರಕಲ್ಲಿನ ಬದಲು ಸಿಮೆಂಟಿನ ರಿಂಗುಗಳು. ಕಕ್ಕಸಿನಿಂದ ಬಂದದ್ದೆಲ್ಲ ಒಳಗೆ ಬೀಳುತ್ತದೆ, ನೀರು ಸಂದಿಯಿಂದಲೂ ತಳದಿಂದಲೂ ಮಣ್ಣಿಗೆ ಇಂಗುತ್ತದೆ, ಗಟ್ಟಿ ಪದಾರ್ಥ ತಳದಲ್ಲಿ ನಿಲ್ಲುತ್ತದೆ.

"ನಮ್ಮ ಗುಂಡಿ ಮೂವತ್ತು ವರ್ಷವಾದರೂ ತುಂಬಿಲ್ಲ" ಎಂದು ಹೆಮ್ಮೆಯಿಂದ ಹೇಳುವವರನ್ನು ನಾವು ಕಂಡಿದ್ದೇವೆ. ಈ ಹೆಮ್ಮೆಯ ಅರ್ಥವನ್ನು ಸ್ವಲ್ಪ ವಿಚಾರ ಮಾಡಬೇಕು. ಐದಾರು ಜನರ ಸಂಸಾರ ಮೂವತ್ತು ವರ್ಷ ಉಪಯೋಗಿಸಿದ ಗುಂಡಿ ತುಂಬಲಿಲ್ಲವೆಂದರೆ ಅದರೊಳಗಿನ ಹೊಲಸು ನೀರು ಎಲ್ಲಿಗೋ ಹೋಗಿದೆ. ಆಳವಾದ ಗುಂಡಿಯ ತಳ ಅಂತರ್ಜಲಕ್ಕೆ ಹತ್ತಿರ. ಕರಾವಳಿಯ ಮುರಕಲ್ಲಿನಲ್ಲಿ ತೂತುಗಳೂ ಬಿರುಕುಗಳೂ ಇರುತ್ತವೆ. ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟಕುವಂತೆ ಮೇಲೆ ಬಂದಾಗ ಗುಂಡಿಯ ತಳವೂ ಅದೇ ನೀರಿನೊಳಗೆ ಮುಳುಗುತ್ತದೆ. ಅಲ್ಲಿಂದ ಬಾವಿಗೆ ದಾರಿ ಎಷ್ಟು ದೂರ? ಹಿರಿಯರ ಜಾಗ ಪಾಲಾಗಿ ಪಾಲಾಗಿ ಹತ್ತು ಸೆಂಟ್ಸು, ಐದು ಸೆಂಟ್ಸು ಆದ ಮೇಲೆ ಒಬ್ಬನ ಗುಂಡಿ ಇನ್ನೊಬ್ಬನ ಬಾವಿಗೆ ನೆರೆಮನೆಯಾಗಿದೆ. ಗುಂಡಿ ತುಂಬದಿರುವುದು ಲಾಭವಲ್ಲ. ಅದರ ಖರ್ಚನ್ನು ಬಾವಿ ಹೊರುತ್ತಿದೆ, ಬಾವಿಯ ಮೂಲಕ ಮನೆಯ ಮಕ್ಕಳು ಹೊರುತ್ತಿದ್ದಾರೆ.

ಕಾಮಾಲೆ, ವಿಷಮಶೀತ ಜ್ವರ, ಆಮಶಂಕೆ, ವಾಂತಿಭೇದಿ ಇವೆಲ್ಲ ಹೊಲಸು ಬೆರೆತ ನೀರಿನಿಂದ ಬರುವ ರೋಗಗಳು. ನೀರು ಕಾಯಿಸಿ ಕುಡಿದರೆ ರೋಗದ ಕ್ರಿಮಿಗಳು ಸಾಯುತ್ತವೆ, ಇದು ನಿಜ. ಆದರೆ ಗುಂಡಿಯಿಂದ ಇಳಿದು ಬರುವ ನೈಟ್ರೇಟ್ ಎಂಬ ಲವಣ ಕುದಿಸಿದರೆ ಹೋಗುವುದಿಲ್ಲ, ಅದು ಹಸುಗೂಸುಗಳಿಗೆ ಅಪಾಯ. ನೀರು ಕಣ್ಣಿಗೆ ಸ್ವಚ್ಛ ಕಾಣುವುದರಿಂದ ಏನೂ ತೀರ್ಮಾನವಾಗದು. ಊರಿಗೆ ಹೋದವರು ಬಾವಿಯ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಲಿ. ಪಂಚಾಯತಿನಲ್ಲಿ ಕೇಳಿದರೆ ಜಿಲ್ಲೆಯ ನೀರು ಪರೀಕ್ಷಾಲಯದ ದಾರಿ ಹೇಳುತ್ತಾರೆ. ಪರೀಕ್ಷೆಯ ಮದ್ದು ಇರುವ ಪುಟ್ಟ ಸೀಸೆಯಲ್ಲಿ ನೀರು ತುಂಬಿಟ್ಟು, ಅದು ಕಪ್ಪಾದರೆ ಹೊಲಸು ಬೆರೆತಿದೆಯೆಂದು ತಿಳಿಯುವ ಸುಲಭ ಪರೀಕ್ಷೆಯೂ ಇದೆ.

ಇದು ನಮ್ಮ ಬಡತನದ ಗುರುತೆಂದು ಯಾರೂ ನಾಚಬೇಕಾಗಿಲ್ಲ. ಶ್ರೀಮಂತ ದೇಶವಾದ ಅಮೆರಿಕದಲ್ಲೂ ಇದೇ ಗುಂಡಿಗಳಿವೆ. ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯಲ್ಲಿ ಜನರು ಕುಡಿಯುವುದು ಅಂತರ್ಜಲ. ಅಲ್ಲಿ ೨೦೧೯ರ ಜುಲೈ ೧ರಿಂದ ಹಳೆಯ ಗುಂಡಿ ಕೆಟ್ಟರೆ ಅದರ ಬದಲು ಇನ್ನೊಂದು ಅಂಥದೇ ಗುಂಡಿ ತೋಡಕೂಡದೆಂಬ ನಿಯಮ ಬಂದಿದೆ. ಹವಾಯಿ ದ್ವೀಪಗಳ ಸರಕಾರ ೨೦೧೭ರಲ್ಲಿ ಕಾನೂನು ಮಾಡಿ, ಇಂಥ ಗುಂಡಿಗಳನ್ನೆಲ್ಲ ೨೦೫೦ರೊಳಗೆ ತೆಗೆಯಬೇಕೆಂದು ವಿಧಿಸಿದೆ. ಗುಂಡಿಯ ಬದಲು ಗುಂಡಿ ಸಲ್ಲದೆಂಬ ಈ ವಿವೇಕ ನಮಗೂ ಬೇಕು.

ಹಾಗಾದರೆ ಏನು ಮಾಡಬೇಕು? ನಮ್ಮ ದೇಶದಲ್ಲಿ ಎರಡು ದಾರಿಗಳಿವೆ.

ಮೊದಲನೆಯದು ಜೋಡಿ ಗುಂಡಿ. ಇದಕ್ಕೆ ಆಳ ಬೇಡ. ಸುಮಾರು ನಾಲ್ಕಡಿ ಅಗಲ, ನಾಲ್ಕಡಿ ಆಳದ ಎರಡು ಗುಂಡಿ, ಎರಡರ ನಡುವೆ ಕನಿಷ್ಠ ಮೂರಡಿ ಅಂತರ, ಕಕ್ಕಸಿನಿಂದ ಬರುವ ಕೊಳವೆಗೆ ಎರಡು ಕವಲು. ಒಂದು ಕವಲನ್ನು ಮುಚ್ಚಿ ಒಂದೇ ಗುಂಡಿಯನ್ನು ಉಪಯೋಗಿಸುವುದು. ಕೆಲವು ವರ್ಷಗಳಲ್ಲಿ ಅದು ತುಂಬಿದರೆ ಕವಲು ಬದಲಾಯಿಸಿ ಎರಡನೆಯದಕ್ಕೆ ಬಿಡುವುದು. ಮೊದಲಿನದನ್ನು ಒಂದೂವರೆ ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದು ಒಣಗಿದ ಗೊಬ್ಬರವಾಗುತ್ತದೆ. ಆಗ ಅದರಲ್ಲಿ ನಾತವಿಲ್ಲ, ವಿಷಗಾಳಿಯಿಲ್ಲ. ತೆಂಗಿನ ಬುಡಕ್ಕೆ ಹಾಕಬಹುದು. ಈ ಕ್ರಮದ ದೊಡ್ಡ ಗುಣವೇನೆಂದರೆ ಯಾವ ಮನುಷ್ಯನೂ ಹಸಿ ಹೊಲಸಿಗೆ ಇಳಿಯಬೇಕಾಗಿಲ್ಲ.

ಜೋಡಿ ಗುಂಡಿ ಎಲ್ಲ ಕಡೆಗೂ ಹೊಂದುವುದಿಲ್ಲ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ಆರು ಅಡಿಗಿಂತ ಹೆಚ್ಚು ಅಂತರವಿದ್ದರೆ ಒಳ್ಳೆಯದು. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ ೧೦ ಮೀಟರ್, ಎಂದರೆ ಸುಮಾರು ೩೩ ಅಡಿ ದೂರವಿರಬೇಕು. ಹೊಯಿಗೆಯ ಕಡಲ ತೀರದಲ್ಲಿ, ಗದ್ದೆಯ ಬದಿಯಲ್ಲಿ ಮಳೆಗಾಲದ ನೀರು ಮೇಲೆ ಬರುವ ಜಾಗಗಳಲ್ಲಿ ಗುಂಡಿಯನ್ನು ನೆಲಕ್ಕಿಂತ ಎತ್ತರಿಸಿ ಸುತ್ತ ಮಣ್ಣು ಏರಿಸಬೇಕು. ಇಲ್ಲವೆ ಎರಡನೆಯ ದಾರಿ ಹಿಡಿಯಬೇಕು.

ಎರಡನೆಯದು ನಿಜವಾದ ಸೆಪ್ಟಿಕ್ ಟ್ಯಾಂಕ್. ತಳವೂ ಗೋಡೆಯೂ ಸಿಮೆಂಟಿನಿಂದ ಭದ್ರವಾಗಿರಬೇಕು, ಒಂದು ಹನಿಯೂ ಮಣ್ಣಿಗೆ ಸೋರಬಾರದು. ಇದಕ್ಕೆ ಭಾರತೀಯ ಮಾನಕ ಸಂಸ್ಥೆಯ ೨೪೭೦ ಎಂಬ ಸಂಖ್ಯೆಯ ನಿಯಮಾವಳಿ ಇದೆ. ಅದರಂತೆ ಟ್ಯಾಂಕಿನ ಅಗಲ ಎರಡೂವರೆ ಅಡಿಗೆ, ನೀರಿನ ಆಳ ಮೂರು ಕಾಲು ಅಡಿಗೆ ಕಡಿಮೆ ಇರಬಾರದು. ಉದ್ದ ಅಗಲದ ಎರಡರಿಂದ ನಾಲ್ಕು ಪಟ್ಟು. ಒಳಗೆ ಕನಿಷ್ಠ ಸಾವಿರ ಲೀಟರ್ ಹಿಡಿಯಬೇಕು. ಐದು ಜನರ ಮನೆಗೆ ಐದಡಿ ಉದ್ದದ ಟ್ಯಾಂಕು ಸಾಕು. ಗಾಳಿ ಹೋಗಲು ಎತ್ತರದ ಕೊಳವೆ, ಮೇಲಿನಿಂದ ಪೈಪು ಇಳಿಸಿ ಕೆಸರು ಎಳೆಯಲು ಮುಚ್ಚಳ, ಇವೆರಡೂ ಇರಲೇಬೇಕು. ಮುಚ್ಚಳದ ಮೇಲೆ ಟೈಲ್ಸು ಹಾಕಿ ಅಂಗಳ ಮಾಡಿದವರು ಮುಂದೆ ಅದನ್ನು ಒಡೆಯಬೇಕಾಗುತ್ತದೆ.

ಟ್ಯಾಂಕಿನಿಂದ ಹೊರಗೆ ಬರುವ ನೀರು ತಿಳಿಯಾಗಿ ಕಂಡರೂ ಶುದ್ಧವಲ್ಲ. ಗಟ್ಟಿಯದು ತಳಕ್ಕೆ ಕೂತು, ಜಿಡ್ಡು ಮೇಲೆ ತೇಲಿ, ನಡುವಿನ ನೀರು ಹೊರಬೀಳುತ್ತದೆ, ಅಷ್ಟೇ. ಈ ನೀರನ್ನು ಚರಂಡಿಗೆ, ತೋಡಿಗೆ ಬಿಡುವುದು ತಪ್ಪು. ಇಂಗುಗುಂಡಿಗೆ ಬಿಡಬೇಕು. ಇದೇ ನಿಯಮಾವಳಿಯಂತೆ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ೧೮ ಮೀಟರ್, ಎಂದರೆ ೬೦ ಅಡಿ ದೂರವಿರಬೇಕು, ವಾಸದ ಮನೆಯಿಂದ ೬ ಮೀಟರ್ ದೂರ. ಐದು ಸೆಂಟ್ಸಿನಲ್ಲಿ ೬೦ ಅಡಿ ಎಲ್ಲಿಂದ ತರೋಣವೆಂದು ಬಾಂಧವರು ಕೇಳುವುದು ಸಹಜ. ಅಂಥ ಕಡೆ ಅಕ್ಕಪಕ್ಕದ ಎರಡು ಮೂರು ಮನೆಯವರು ಕೂಡಿ, ಬಾವಿಗಳಿಂದ ದೂರವಾದ ಒಂದು ಮೂಲೆಯಲ್ಲಿ ಒಂದೇ ಇಂಗುಗುಂಡಿ ಮಾಡುವುದು ಲೇಸು. ಪಾಲು ಮಾಡುವಾಗ ಜಗಳವಾಡಿದ ಅಣ್ಣತಮ್ಮಂದಿರು ನೀರಿನ ವಿಷಯದಲ್ಲಾದರೂ ಒಟ್ಟಿಗೆ ಕೂತು ಮಾತಾಡಲಿ. ಅಣ್ಣನ ಗುಂಡಿಯ ನೀರು ತಮ್ಮನ ಬಾವಿಗೆ ಹೋಗುವಾಗ ಪಾಲುಪಟ್ಟಿಯ ಗಡಿಕಲ್ಲು ಅದನ್ನು ತಡೆಯುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ಗ್ರಾಮ ಪಂಚಾಯತಿಗೆ, ಪೇಟೆಯಾದರೆ ಪುರಸಭೆಗೆ ಹೋಗಿ ವಿಚಾರಿಸಬೇಕು. ಒಳಚರಂಡಿ ಬಂದಿರುವ ಬೀದಿಯಲ್ಲಿ ಹೊಸ ಗುಂಡಿ ತೋಡುವುದು ದಂಡದ ಖರ್ಚು, ಮನೆಯ ಕೊಳವೆಯನ್ನು ಅದಕ್ಕೇ ಜೋಡಿಸಬೇಕು. ಕಡಲು, ಹೊಳೆಯ ದಂಡೆಯವರಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಇವೆ. ಕಕ್ಕಸೇ ಇಲ್ಲದ ಅರ್ಹ ಮನೆಗಳಿಗೆ ೨೦೧೪ರ ಅಕ್ಟೋಬರ್ ೨ರಂದು ಆರಂಭವಾದ ಸ್ವಚ್ಛ ಭಾರತ ಯೋಜನೆಯಲ್ಲಿ ೧೨,೦೦೦ ರೂಪಾಯಿಯ ನೆರವು ಇಡಲಾಗಿತ್ತು. ಹಳೆಯದನ್ನು ಬದಲಿಸುವವರಿಗೆ ಏನಾದರೂ ಸಿಗುವುದೇ ಎಂದು ಪಿ.ಡಿ.ಒ. ಅವರನ್ನು ಕೇಳಬೇಕು. ಕೇಳಿದ್ದನ್ನು ಅರ್ಜಿಯಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ಉತ್ತರ ನಾವು ಮುಂಬಯಿಗೆ ರೈಲು ಹತ್ತಿದೊಡನೆ ಮರೆತುಹೋಗುತ್ತದೆ.

ಹಳೆಯ ಗುಂಡಿಯನ್ನು ಹಾಗೆಯೇ ಚಪ್ಪಡಿ ಮುಚ್ಚಿ ಬಿಡಬಾರದು. ವರ್ಷಗಳ ಮೇಲೆ ಚಪ್ಪಡಿಯ ಕಬ್ಬಿಣ ತುಕ್ಕು ಹಿಡಿದು ಒಂದು ದಿನ ದನವೋ ಮಗುವೋ ಒಳಗೆ ಬೀಳುತ್ತದೆ. ಮೊದಲು ಯಂತ್ರದ ಗಾಡಿಯಿಂದ ಕೆಸರನ್ನೆಲ್ಲ ಎಳೆಸಬೇಕು, ಅನಂತರ ಕಲ್ಲು, ಮಣ್ಣು, ಹೊಯಿಗೆ ತುಂಬಿ ಗಟ್ಟಿಮಾಡಬೇಕು. ಒಳಗಿನದನ್ನು ಎಳೆದ ಕೂಡಲೇ ಗಾರೆಯಿಲ್ಲದ ಮುರಕಲ್ಲಿನ ಗೋಡೆ ಹೊರಗಿನ ಮಣ್ಣಿನ ಒತ್ತಡಕ್ಕೆ ಕುಸಿಯುವುದುಂಟು. ಆ ದಿನ ಅಂಚಿನ ಬಳಿ ಯಾರೂ ನಿಲ್ಲಬಾರದು.

ಇನ್ನು ನಮ್ಮ ಮುಖ್ಯ ಮಾತಿಗೆ ಬರೋಣ. ಈ ಗುಂಡಿಯನ್ನು ಖಾಲಿ ಮಾಡುವವರು ಯಾರು?

ಮನೆಯ ಯಜಮಾನನಿಗೆ ಯಂತ್ರದ ಗಾಡಿಯ ಬಾಡಿಗೆ ಹೆಚ್ಚೆಂದು ಕಾಣುತ್ತದೆ. ಕಡಿಮೆ ಹಣಕ್ಕೆ ಇಬ್ಬರು ಸಿಗುತ್ತಾರೆಂದು ಯಾರೋ ಹೇಳುತ್ತಾರೆ. ಅವರು ಬಂದು ಒಂದು ಕೊಡ, ಒಂದು ಹಗ್ಗ ಹಿಡಿದು ಇಳಿಯುತ್ತಾರೆ. ಒಳಗೆ ಇರುವುದು ಏನು? ಕೊಳೆತ ಮೊಟ್ಟೆಯ ವಾಸನೆಯ ಒಂದು ಗಾಳಿಯಿದೆ, ಹೈಡ್ರೋಜನ್ ಸಲ್ಫೈಡ್ ಎಂದು ಅದರ ಹೆಸರು. ಸ್ವಲ್ಪವಿದ್ದಾಗ ಅದು ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ನಿಂತಿತೆಂದು ತಿಳಿದು ಇಳಿದವನು ಕೆಲವೇ ಉಸಿರಿನಲ್ಲಿ ಬಿದ್ದುಹೋಗುತ್ತಾನೆ. ಗಾಳಿಗಿಂತ ಭಾರವಾದ್ದರಿಂದ ಅದು ಕೆಳಗೇ ನಿಂತಿರುತ್ತದೆ. ಜೊತೆಗೆ ಮೀಥೇನ್ ಎಂಬ ಹೊತ್ತಿಕೊಳ್ಳುವ ಗಾಳಿಯೂ ಇರುತ್ತದೆ. ಆದುದರಿಂದ ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆ ಇಲ್ಲಿ ಇನ್ನೊಂದು ಅನಾಹುತ. ಮೊದಲನೆಯವನು ಬಿದ್ದದ್ದನ್ನು ಕಂಡು ಎರಡನೆಯವನು ಇಳಿಯುತ್ತಾನೆ, ಅವನನ್ನು ಕಂಡು ಮೂರನೆಯವನು.

ಇದು ಕಲ್ಪನೆಯ ಮಾತಲ್ಲ. ೨೦೧೯ರ ಜೂನಿನಲ್ಲಿ ಗುಜರಾತಿನ ವಡೋದರಾ ಜಿಲ್ಲೆಯ ಡಭೋಯಿ ತಾಲೂಕಿನ ಒಂದು ಹೋಟೆಲಿನ ಸೆಪ್ಟಿಕ್ ಟ್ಯಾಂಕಿನಲ್ಲಿ ಏಳು ಮಂದಿ ಸತ್ತರು. ನಾಲ್ವರು ಸಫಾಯಿ ಕೆಲಸಗಾರರು, ಉಳಿದ ಮೂವರು ಅದೇ ಹೋಟೆಲಿನ ನೌಕರರು. ಹೋಟೆಲು ಕಾರ್ಮಿಕರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಮುಂಬಯಿಯ ಗೋವಂಡಿಯಲ್ಲಿ ಒಂದು ವಸತಿ ಸೊಸೈಟಿಯ ಟ್ಯಾಂಕಿನಲ್ಲಿ ಮೂವರು ಸತ್ತರು. ಅವರ ವಿಧವೆಯರು ಹೈಕೋರ್ಟಿನ ಬಾಗಿಲಿಗೆ ಹೋಗಬೇಕಾಯಿತು. ೨೦೨೧ರ ಸೆಪ್ಟೆಂಬರಿನಲ್ಲಿ ತಲಾ ೧೦ ಲಕ್ಷ ರೂಪಾಯಿ ಕೊಡಬೇಕೆಂದು ಕೋರ್ಟು ಆಜ್ಞೆ ಮಾಡಿತು.

ಕಾನೂನು ಏನು ಹೇಳುತ್ತದೆಂಬುದು ಪ್ರತಿಯೊಬ್ಬ ಸದಸ್ಯನಿಗೂ ಗೊತ್ತಿರಬೇಕು. ೨೦೧೩ರ ಕಾಯಿದೆ ಆ ವರ್ಷದ ಡಿಸೆಂಬರ್ ೬ರಿಂದ ಜಾರಿಯಲ್ಲಿದೆ. ಅದರ ೭ನೆಯ ಕಲಮಿನಂತೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಪುರಸಭೆ ಇಳಿಸಿದರೂ, ಕಂತ್ರಾಟುದಾರ ಇಳಿಸಿದರೂ, ಮನೆಯ ಯಜಮಾನ ಇಳಿಸಿದರೂ ಒಂದೇ. ಮೊದಲ ಸಲ ಎರಡು ವರ್ಷದವರೆಗೆ ಸೆರೆ, ಅಥವಾ ೨ ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷದವರೆಗೆ, ೫ ಲಕ್ಷದವರೆಗೆ. ಜಾಮೀನು ಹಕ್ಕಿನಿಂದ ಸಿಗುವ ಅಪರಾಧವಲ್ಲ ಇದು. ತಾ. ೨೭-೩-೨೦೧೪ರಂದು ಸುಪ್ರೀಮ್ ಕೋರ್ಟು ಇಂಥ ಪ್ರತಿ ಸಾವಿಗೂ ೧೦ ಲಕ್ಷ ಪರಿಹಾರವೆಂದು ನಿಶ್ಚಯಿಸಿತು. ತಾ. ೨೦-೧೦-೨೦೨೩ರಂದು ಅದನ್ನು ೩೦ ಲಕ್ಷಕ್ಕೆ ಏರಿಸಿತು. ತಾ. ೨೯-೧-೨೦೨೫ರಂದು ಮುಂಬಯಿ, ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಕೈಯಿಂದ ಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿತು. ಗಾಡಿಯ ಬಾಡಿಗೆ ಉಳಿಸಲು ಹೋದವರು ಈ ಲೆಕ್ಕವನ್ನೂ ಮಾಡಿ ನೋಡಲಿ.

"ಅವರು ತಾವಾಗಿಯೇ ಒಪ್ಪಿ ಬರುತ್ತಾರೆ, ನಾವೇನು ಬಲವಂತ ಮಾಡಿದೆವೇ?" ಎಂದು ಕೆಲವರು ಕೇಳುವುದುಂಟು. ಹೋಟೆಲು ಕಾರ್ಮಿಕನ ಬಾಯಲ್ಲಿ ಈ ಮಾತು ಶೋಭಿಸುವುದಿಲ್ಲ. ಹದಿನಾಲ್ಕು ತಾಸು ದುಡಿಸಿಕೊಂಡು, ವಾರದ ರಜೆ ಕೊಡದೆ, ಟೇಬಲಿನ ಕೆಳಗೆ ಮಲಗಿಸಿದ ಧಣಿಯೂ ಇದೇ ಮಾತನ್ನು ಆಡಿದ್ದ: ಹುಡುಗ ತಾನಾಗಿಯೇ ಬಂದಿದ್ದಾನೆ ಎಂದು. ಹೊಟ್ಟೆ ಒಪ್ಪಿಸಿದ್ದನ್ನು ಮನಸ್ಸು ಒಪ್ಪಿದ್ದೆಂದು ಹೇಳಬಾರದೆಂಬುದಕ್ಕಾಗಿಯೇ ನಾವು ಸಂಘ ಕಟ್ಟಿದೆವು. ಮೇಲಾಗಿ ಈ ಕೆಲಸಕ್ಕೆ ಯಾವಾಗಲೂ ಒಂದೇ ಜಾತಿಗಳ ಜನರನ್ನು ಏಕೆ ಕರೆಯುತ್ತಾರೆ? ಎಲ್ಲರಿಗೂ ಬಡತನವಿದೆ. ಗುಂಡಿಗೆ ಇಳಿಯುವ ಬಡತನ ಮಾತ್ರ ಹುಟ್ಟಿನಿಂದ ಹಂಚಲ್ಪಟ್ಟಿದೆ.

ಕನ್ನಡನಾಡಿಗೆ ಈ ವಿಷಯದಲ್ಲಿ ಒಳ್ಳೆಯ ಪರಂಪರೆಯೂ ಇದೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ೧೯೭೦ರ ದಶಕದಲ್ಲಿಯೇ ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಅಂಥ ಕಾಯಿದೆ ಬಂದದ್ದು ೧೯೯೩ರಲ್ಲಿ. ಕೋಲಾರದ ಚಿನ್ನದ ಗಣಿಯ ಕಾರ್ಮಿಕ ಕಾಲೊನಿಗಳ ಒಣ ಕಕ್ಕಸುಗಳನ್ನು ಶುಚಿ ಮಾಡುತ್ತಿದ್ದ ಸಂಸಾರದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ದೇಶವಿಡೀ ಈ ಹೋರಾಟ ನಡೆಸಿ ೨೦೧೬ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. ಗುಂಡಿಯಿಂದ ಎಳೆದ ಕೆಸರನ್ನು ಶುದ್ಧಿ ಮಾಡುವ, ಪೇಟೆಯ ಮಟ್ಟದ ದೇಶದ ಮೊದಲ ಘಟಕ ೨೦೧೫ರಲ್ಲಿ ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ ಆರಂಭವಾಯಿತು. ದೇವನಹಳ್ಳಿಯಲ್ಲಿ ಆದದ್ದು ನಮ್ಮ ನಮ್ಮ ತಾಲೂಕಿನಲ್ಲಿ ಏಕಾಗಬಾರದು? ಘಟಕವಿಲ್ಲದಿದ್ದರೆ ಗಾಡಿಯವನು ಎಳೆದ ಕೆಸರನ್ನು ರಾತ್ರಿ ಯಾವುದೋ ತೋಡಿಗೆ ಸುರಿಯುತ್ತಾನೆ. ನಮ್ಮ ಮನೆ ಶುಚಿಯಾಯಿತೆಂದು ನಾವು ನಿಟ್ಟುಸಿರು ಬಿಟ್ಟರೆ ತೋಡಿನ ಕೆಳಗಿನ ಊರಿನವರು ಆ ನೀರು ಕುಡಿಯುತ್ತಾರೆ.

ಈ ಎಲ್ಲ ವಿಚಾರದ ಮೇಲೆ ನಮ್ಮ ಸೂಚನೆಗಳು ಇವು:

೧. ಊರಿಗೆ ಹೋಗುವ ಪ್ರತಿಯೊಬ್ಬ ಸದಸ್ಯನೂ ಒಂದು ಹಗ್ಗ ತೆಗೆದುಕೊಂಡು ತನ್ನ ಗುಂಡಿಗೂ ಬಾವಿಗೂ, ನೆರೆಯವನ ಗುಂಡಿಗೂ ತನ್ನ ಬಾವಿಗೂ ಎಷ್ಟು ದೂರವೆಂದು ಅಳೆಯಲಿ. ೩೩ ಅಡಿಗೆ ಕಡಿಮೆಯಿದ್ದರೆ ಈ ವರ್ಷದ ಹಣ ಬಣ್ಣಕ್ಕಲ್ಲ, ಗುಂಡಿಗೆ.

೨. ಮೇಸ್ತ್ರಿ "ಇನ್ನೂ ಆಳ ತೋಡೋಣ, ಜನ್ಮದಲ್ಲಿ ತುಂಬುವುದಿಲ್ಲ" ಎಂದರೆ ಒಪ್ಪಬೇಡಿ. ಮಾತನ್ನು ಫೋನಿನಲ್ಲಿ ಮುಗಿಸದೆ, ಅಳತೆ ಬರೆದುಕೊಡಿ. ಊರಲ್ಲಿ ಇರುವ ಅಮ್ಮನಿಗೂ ಹೆಂಡತಿಗೂ ಆ ಅಳತೆ ಗೊತ್ತಿರಲಿ. ಕೆಲಸದ ಹತ್ತಿರ ನಿಲ್ಲುವವರು ಅವರೇ.

೩. ಗುಂಡಿಗೆ ಮನುಷ್ಯನನ್ನು ಇಳಿಸಬೇಡಿ. ಮುಂಬಯಿಯಂಥ ಪಟ್ಟಣಗಳಲ್ಲಿ ಗಾಡಿ ಬೇಕಾದರೆ ಅಥವಾ ಯಾರಾದರೂ ಇಳಿಸುತ್ತಿರುವುದನ್ನು ಕಂಡರೆ ತಿಳಿಸಲು ೧೪೪೨೦ ಎಂಬ ಸರಕಾರಿ ಸಹಾಯವಾಣಿ ಇದೆ. ಊರಲ್ಲಿ ಪಂಚಾಯತನ್ನು ಕೇಳಿ.

೪. ಹೋಟೆಲುಗಳಲ್ಲಿ ಮ್ಯಾನೇಜರನೋ ಧಣಿಯೋ ಕ್ಲೀನರ ಹುಡುಗನಿಗೆ "ಇಳಿದು ನೋಡು" ಎಂದರೆ ಆ ಹುಡುಗ ಒಲ್ಲೆನೆನ್ನಬೇಕು. ಅವನ ಪಕ್ಕದಲ್ಲಿ ಸಪ್ಲಾಯರರೂ ಭಟ್ಟರೂ ನಿಲ್ಲಬೇಕು. ಹೊಸದಾಗಿ ಊರಿನಿಂದ ಬಂದ ಹುಡುಗನಿಗೆ ಒಲ್ಲೆನೆನ್ನುವ ಧೈರ್ಯ ಇರುವುದಿಲ್ಲ, ಆ ಧೈರ್ಯವನ್ನು ಕೊಡುವುದು ಹಳಬರ ಕೆಲಸ. ಮುಂದಿನ ಕರಾರುಗಳಲ್ಲಿ ಈ ಕಲಮನ್ನು ಬರೆಯಿಸಬೇಕೆಂದು ಸಂಘದ ಕಾರ್ಯಕಾರಿ ಸಮಿತಿಗೆ ನಾವು ಸೂಚಿಸುತ್ತೇವೆ.

೫. ಒಬ್ಬನು ಒಳಗೆ ಬಿದ್ದರೆ ಎಷ್ಟೇ ಪ್ರೀತಿಯವನಾಗಿದ್ದರೂ ಹಿಂದೆ ಹಾರಬೇಡಿ. ಅಗ್ನಿಶಾಮಕ ದಳವನ್ನು ಕರೆಯಿರಿ. ಹಾರಿದವನು ಉಳಿಸುವುದಿಲ್ಲ, ಎಣಿಕೆಯನ್ನು ಹೆಚ್ಚಿಸುತ್ತಾನೆ.

ಗಿರಣಿಗಳಲ್ಲಿ ದುಡಿದು, ೧೯೮೨ರ ಮುಷ್ಕರದ ನಂತರ ಕೆಲಸ ಕಳೆದುಕೊಂಡು ಊರು ಸೇರಿದ ಹಿರಿಯರು ಅನೇಕರಿದ್ದಾರೆ. ಪಂಚಾಯತಿನ ಗ್ರಾಮಸಭೆಯಲ್ಲಿ ಎದ್ದುನಿಂತು ಮಾತಾಡುವ ಅಭ್ಯಾಸ ಅವರಿಗಿದೆ, ಮುಷ್ಕರದ ಸಭೆಗಳಲ್ಲಿ ಕಲಿತದ್ದು ಅದು. ನಮ್ಮ ತಾಲೂಕಿಗೆ ಯಂತ್ರದ ಗಾಡಿ ಬೇಕು, ಕೆಸರು ಶುದ್ಧಿ ಮಾಡುವ ಜಾಗ ಬೇಕು, ಬಾವಿಗಳ ಪರೀಕ್ಷೆ ವರ್ಷಕ್ಕೆರಡು ಸಲ ಆಗಬೇಕೆಂಬ ಮಾತನ್ನು ಅವರು ಗ್ರಾಮಸಭೆಯಲ್ಲಿ ಎತ್ತಲಿ. ಇಲ್ಲಿರುವ ನಾವು ಊರಿನ ಹೆಸರಿನಲ್ಲಿ ದೇವಸ್ಥಾನಕ್ಕೆ, ಭೂತಸ್ಥಾನಕ್ಕೆ ವಂತಿಗೆ ಕೂಡಿಸುವಂತೆ ಈ ಕೆಲಸಕ್ಕೂ ಕೂಡಿಸಬಲ್ಲೆವು.

ಮುಂಬಯಿಯಿಂದ ಕಳಿಸಿದ ಹಣದಲ್ಲಿ ಕಟ್ಟಿದ ಮನೆಗೆ ಊರಲ್ಲಿ ಒಂದು ಗೌರವವಿದೆ. ಆ ಮನೆಯ ಬಾವಿಯ ನೀರು ನಿರ್ಭಯವಾಗಿ ಕುಡಿಯುವಂತಿರಲಿ. ಆ ಮನೆಯ ಹಿತ್ತಲಲ್ಲಿ ಯಾವ ಬಡವನ ಹೆಂಡತಿಯೂ ವಿಧವೆಯಾಗದಿರಲಿ. ಮಳೆ ಬರಲು ಇನ್ನು ಹೆಚ್ಚು ದಿನಗಳಿಲ್ಲ, ಕೆಲಸ ಈಗಲೇ ಆಗಬೇಕು.